ಅಟ್ಟದ ಮೇಲೆ ಯಾರೋ ಇದ್ದಾರೆ: ಕಿರುಚಿತ್ರದಲ್ಲಿ ಟೆನ್ಶನ್ ಕಟ್ಟುವ ಸಮಗ್ರ ಮಾರ್ಗದರ್ಶಿ

ತುಮಕೂರಿನಲ್ಲಿ ನನ್ನ ಎಡಿಟಿಂಗ್ ಟೇಬಲ್‌ಗೆ ಪೆನ್‌ಡ್ರೈವ್ ಹಿಡಿದು ಬರುವ ಹುಡುಗ ಹುಡುಗಿಯರ ಮಾತು ಒಂದೇ: "ಸಾರ್, ಎಲ್ಲಾ ಮಾಡಿದೀವಿ, ಆದ್ರೂ ಎದೆ ಡವಡವ ಅನ್ನಲ್ಲ." ಫೈಲ್ ತೆರೆದರೆ ಮೊದಲ ಸೆಕೆಂಡಿನಿಂದಲೇ ಬಿಜಿಎಂ (ಹಿನ್ನೆಲೆ ಸಂಗೀತ) ಗುಂಯ್ ಅನ್ನುತ್ತಿರುತ್ತದೆ. ಕ್ಯಾಮೆರಾ ಚಳಿಜ್ವರ ಬಂದಂತೆ ನಡುಗುತ್ತಿರುತ್ತದೆ. ಎರಡು ಸೆಕೆಂಡಿಗೊಂದು ಕಟ್. ಯಾರು ಎಲ್ಲಿದ್ದಾರೆ, ಯಾರಿಗೆ ಏನಾಗಬಹುದು ಅನ್ನೋದು ಮಾತ್ರ ತಿಳಿಯುವುದಿಲ್ಲ.

ಇವರ ಹತ್ತಿರ ಸಾಮಾನು ಇರುತ್ತದೆ, ಕಥೆಯೂ ಇರುತ್ತದೆ. ಕೆಡುವುದು ಸರದಿಯಲ್ಲಿ. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡುತ್ತಾರೆ. ನೋಡುವವನಿಗೆ ಒಂದು ವಿಷಯ ಮೊದಲೇ ಗೊತ್ತುಮಾಡಬೇಕು, ಆಮೇಲೆ ಅವನನ್ನು ಕಾಯಿಸಬೇಕು. ಕ್ಯಾಮೆರಾ, ಸೌಂಡ್, ಎಡಿಟಿಂಗ್ ಮೂರೂ ಈ ಕಾಯಿಸುವ ಕೆಲಸಕ್ಕೇ ಇರುವುದು.

ಬರೀ ನಿಯಮ ಹೇಳಿದರೆ ತಲೆಗೆ ಹೋಗಲ್ಲ. ಹಾಗಾಗಿ ಒಂದೇ ದೃಶ್ಯ ಇಟ್ಟುಕೊಂಡು ಕೊನೆವರೆಗೂ ಹೋಗೋಣ.

ತಿಪಟೂರು ಕಡೆಯ ಒಂದು ತೋಟದ ಮನೆ. ಸಂಜೆ. ಅಜ್ಜಿ ಒಬ್ಬಳೇ ಒಲೆ ಮುಂದೆ ಕೂತು ಹಿಟ್ಟು ತೊಳಸುತ್ತಿದ್ದಾಳೆ. ಕೊಬ್ಬರಿ ಮಾರಿದ ದುಡ್ಡು ಅಕ್ಕಿ ಡಬ್ಬಿಯಲ್ಲಿದೆ. ಮೊಮ್ಮಗ ಕೊನೆ ಬಸ್ಸಿಗೆ ಬರಬೇಕು. ತಲೆ ಮೇಲೆ ಕಾಯಿ ಅಟ್ಟ. ಅರ್ಧ ಖಾಲಿಯಾಗಿದೆ, ಉಳಿದರ್ಧದಲ್ಲಿ ಒಣಗಿದ ಕಾಯಿ. ಆ ಕಾಯಿಗಳ ಹಿಂದೆ ಒಬ್ಬ ಅವಿತು ಕೂತಿದ್ದಾನೆ.

ಆ ಸೀಮೆಯವರಿಗೆ ಇದನ್ನು ಹೇಳಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗುತ್ತದೆ. ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಆ ಸದ್ದೇ ನಮ್ಮ ಬಂಡವಾಳ.

## ಶುರುವಿಗೆ ಮುಂಚೆ: ಬೇಕಾದ ಸಾಮಾನು

ಮಾಮೂಲಿ ಸ್ಮಾರ್ಟ್‌ಫೋನ್ ಸಾಕು. ಆದರೆ ಫೋಕಸ್, ಎಕ್ಸ್‌ಪೋಶರ್ (ಚಿತ್ರ ಎಷ್ಟು ಬೆಳ್ಳಗೆ ಬರಬೇಕು ಅನ್ನೋದು), ಶಟರ್ (ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು) ಮೂರನ್ನೂ ಲಾಕ್ ಮಾಡಲು ಬರುವ ಆ್ಯಪ್ ಬೇಕು. ಓಪನ್ ಕ್ಯಾಮೆರಾ, ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎರಡೂ ಪುಕ್ಕಟೆ. ಗಟ್ಟಿ ಟ್ರೈಪಾಡ್ ಒಂದು. ಸೌಂಡಿಗೆ ಒಂದು ಕಾಲರ್ ಮೈಕ್, ಜೊತೆಗೆ ರೆಕಾರ್ಡರ್ ತರಹ ಇಡಲು ಇನ್ನೊಂದು ಫೋನ್. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳವಾಯಿತು. ಲ್ಯಾಪ್‌ಟಾಪ್ ತಡೆಯಲ್ಲ ಅಂದರೆ ಫೋನಿನ ಎಡಿಟಿಂಗ್ ಆ್ಯಪ್ ಆದರೂ ಸರಿ, ಆದರೆ ಕನಿಷ್ಠ ನಾಲ್ಕೈದು ಸೌಂಡ್ ಟ್ರ್ಯಾಕ್ ಹಾಕಲು ಬರಬೇಕು.

ದುಡ್ಡು ಕಮ್ಮಿ ಇದ್ದರೆ ಹೊಸ ಲೆನ್ಸ್ ತಗೋಬೇಡಿ, ಮೈಕ್ ತಗೊಳ್ಳಿ. ಚಿತ್ರ ಸ್ವಲ್ಪ ಮಂಕಾದರೆ ಜನ ಸಹಿಸಿಕೊಳ್ಳುತ್ತಾರೆ. ಸೌಂಡ್ ಕೆಟ್ಟರೆ ಎದ್ದು ಹೋಗುತ್ತಾರೆ.

ಫೋನಿನಲ್ಲಿ ಮೊದಲೇ ಮಾಡಿಡಬೇಕಾದ್ದು: ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. ನಮ್ಮ ಕರೆಂಟ್ 50 ಹರ್ಟ್ಸ್. ಶಟರ್ ಅದಕ್ಕೆ ಹೊಂದದಿದ್ದರೆ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬ್ ಕೆಳಗೆ ಚಿತ್ರದ ಮೇಲೆ ಪಟ್ಟೆ ಓಡುತ್ತದೆ. ಎಡಿಟಿಂಗ್‌ನಲ್ಲಿ ಅದನ್ನು ತೆಗೆಯೋದು ತಲೆನೋವು.

## 1. ಯಾರಿಗೆ ಏನು ಗೊತ್ತು ಅಂತ ಕಾಗದದ ಮೇಲೆ ಬರೆಯಿರಿ

ಕ್ಯಾಮೆರಾ ಚೀಲದಲ್ಲೇ ಇರಲಿ. ಒಂದು ಹಾಳೆಯಲ್ಲಿ ಮೂರು ಗೆರೆ ಎಳೆದು ಮೂರು ಸಾಲು ಮಾಡಿ: ನೋಡುವವನು, ಅಜ್ಜಿ, ಅಟ್ಟದವನು. ದೃಶ್ಯದ ಪ್ರತಿ ಘಟ್ಟದಲ್ಲೂ ಯಾರಿಗೆ ಏನು ಗೊತ್ತು ಅಂತ ಬರೆಯುತ್ತಾ ಹೋಗಿ.

ನಮ್ಮ ದೃಶ್ಯದಲ್ಲಿ ಶುರುವಿಗೆ ಅಟ್ಟದವನನ್ನು ಬಿಟ್ಟರೆ ಯಾರಿಗೂ ಏನೂ ಗೊತ್ತಿಲ್ಲ. ಅಜ್ಜಿ, ಒಲೆ, ಅಷ್ಟೇ. ಎರಡನೇ ಘಟ್ಟದಲ್ಲಿ ಅಟ್ಟದ ಸಂದಿಯಿಂದ ನಾರಿನ ಪುಡಿ ಉದುರುತ್ತದೆ. ಅಜ್ಜಿ "ಹಾಳಾದ್ ಇಲಿ" ಅಂತ ಪಾತ್ರೆಗೆ ತಟ್ಟೆ ಮುಚ್ಚುತ್ತಾಳೆ. ಮೂರನೇ ಘಟ್ಟದಲ್ಲಿ ಸಂದಿಯಲ್ಲಿ ಒಂದು ಕಾಲ್ಬೆರಳು ನಮಗೆ ಕಾಣುತ್ತದೆ. ಈಗ ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಟೆನ್ಶನ್ ಹುಟ್ಟುವುದು ಇಲ್ಲಿ. ಕೊನೆಗೆ ಅಜ್ಜಿ ಮೆಲ್ಲಗೆ ಎದ್ದು, ಅಟ್ಟಕ್ಕೆ ಒರಗಿಸಿದ್ದ ಏಣಿಯನ್ನು ತೆಗೆದು ನೆಲಕ್ಕೆ ಮಲಗಿಸುತ್ತಾಳೆ. ಬಂದು ಮತ್ತೆ ಹಿಟ್ಟು ತೊಳಸುತ್ತಾಳೆ. ಅವಳಿಗೆ ಆಗಲೇ ಗೊತ್ತಿತ್ತು ಅನ್ನೋದು ಆಗ ನಮಗೆ ಹೊಳೆಯುತ್ತದೆ.

ಹಾಳೆಯಲ್ಲಿ ಮೂರೂ ಸಾಲು ಎಲ್ಲಾ ಘಟ್ಟದಲ್ಲೂ ಒಂದೇ ಥರ ಇದ್ದರೆ ಅಲ್ಲಿ ಟೆನ್ಶನ್ ಇಲ್ಲ ಅಂತಲೇ ಅರ್ಥ. ಎಷ್ಟು ಬಿಜಿಎಂ ಸುರಿದರೂ ಹುಟ್ಟಲ್ಲ.

ಇದರ ಜೊತೆ ಒಂದು ಗಡುವೂ ಇರಲಿ. ನಮ್ಮಲ್ಲಿ ಕೊನೆ ಬಸ್ಸು. ದೂರದಲ್ಲಿ ಬಸ್ಸಿನ ಹಾರನ್ ಕೇಳಿದ ಕೂಡಲೇ ಅಟ್ಟದವನಿಗೂ ಅವಸರ, ನಮಗೂ ಅವಸರ. ಗಡಿಯಾರ ತೋರಿಸುವ ಅಗತ್ಯವೇ ಇಲ್ಲ.

ಮಾಡುವ ತಪ್ಪು: ಅಟ್ಟದವನನ್ನು ಕೊನೇ ಸೆಕೆಂಡಿನವರೆಗೂ ಮುಚ್ಚಿಟ್ಟು, ಢಮ್ ಅಂತ ಇಳಿಸೋದು. ಬೆಚ್ಚಿಬೀಳುವುದು ಅರೆ ಸೆಕೆಂಡಿನ ಕೆಲಸ. ಕಾಯುವುದು ಮೂರು ನಿಮಿಷದ್ದು. ನಿಮಗೆ ಮೂರು ನಿಮಿಷದ ಚಿತ್ರ ಬೇಕು ಅಲ್ವಾ?

## 2. ಮೊದಲು ಜಾಗ ಪರಿಚಯಿಸಿ

ಒಲೆ ಎಲ್ಲಿ, ಅಟ್ಟ ಎಲ್ಲಿ, ಏಣಿ ಎಲ್ಲಿ, ಬಾಗಿಲು ಎಲ್ಲಿ, ಅಕ್ಕಿ ಡಬ್ಬಿ ಎಲ್ಲಿ. ಈ ಐದೂ ಗೊತ್ತಿಲ್ಲದ ನೋಡುಗನಿಗೆ "ಅಯ್ಯೋ, ಅವನು ಹತ್ತಿರ ಬಂದ" ಅನ್ನಿಸೋದು ಹೇಗೆ? ಹತ್ತಿರ ಅಂದರೆ ಯಾವುದಕ್ಕೆ ಹತ್ತಿರ?

ಅಪಾಯ ಶುರುವಾಗುವ ಮುಂಚೆಯೇ ಇವನ್ನು ತೋರಿಸಿ ಮುಗಿಸಿ. ಸುಮ್ನೆ ತೋರಿಸಿದರೆ ಪಟ್ಟಿ ಓದಿದ ಹಾಗಿರುತ್ತದೆ. ಅಜ್ಜಿಗೆ ಕೆಲಸ ಕೊಡಿ. ಡಬ್ಬಿಯಿಂದ ಅಕ್ಕಿ ತೆಗೆಯುವಾಗ ದುಡ್ಡಿನ ಗಂಟು ಕಾಣಲಿ. ಒಲೆಗೆ ಸೌದೆ ತರುವಾಗ ಏಣಿ ಪಕ್ಕದಲ್ಲೇ ಹಾದುಹೋಗಲಿ, ಸೆರಗು ಏಣಿಗೆ ಸಿಕ್ಕಿ ಬಿಡಿಸಿಕೊಳ್ಳಲಿ. ಆ ಸೆರಗಿನಿಂದಾಗಿ ಏಣಿ ನೆನಪಿನಲ್ಲಿ ಉಳಿಯುತ್ತದೆ. ಕೊನೆಯಲ್ಲಿ ಅದೇ ಏಣಿ ಕೆಲಸಕ್ಕೆ ಬರುತ್ತದೆ.

ಇನ್ನೊಂದು: ಅಜ್ಜಿಯಿಂದ ಏಣಿಗೆ ಒಂದು ಗೆರೆ ಎಳೆದಿದೆ ಅಂದುಕೊಳ್ಳಿ. ಕ್ಯಾಮೆರಾ ಆ ಗೆರೆಯ ಒಂದೇ ಪಕ್ಕದಲ್ಲಿರಲಿ. ದಾಟಿದರೆ ಎಡಕ್ಕಿದ್ದ ಏಣಿ ಬಲಕ್ಕೆ ಬರುತ್ತದೆ. ನೋಡುವವನು ಒಂದು ಕ್ಷಣ ಜಾಗ ಹುಡುಕುತ್ತಾನೆ, ಹೆದರುವುದನ್ನು ಮರೆಯುತ್ತಾನೆ.

## 3. ಕ್ಯಾಮೆರಾ: ಎಲ್ಲಿ ಇಡಬೇಕು, ಯಾವಾಗ ಅಲ್ಲಾಡಿಸಬೇಕು

ಜಾಸ್ತಿ ಜನ ಎಡವುವುದು ಇಲ್ಲೇ. ಅದಕ್ಕೆ ಸ್ವಲ್ಪ ನಿಧಾನವಾಗಿ ನೋಡೋಣ.

ಎತ್ತರ. ಅಜ್ಜಿ ಕೂತಿದ್ದಾಳೆ, ಕ್ಯಾಮೆರಾವೂ ಕೂರಲಿ. ಅವಳ ಎದೆಯ ಮಟ್ಟಕ್ಕೆ ಇಟ್ಟು ಚೂರು ಮೇಲಕ್ಕೆ ವಾಲಿಸಿ. ಆಗ ಫ್ರೇಮಿನ ಕೆಳಗಿನ ಅರ್ಧದಲ್ಲಿ ಅಜ್ಜಿ, ಮೇಲಿನ ಅರ್ಧದಲ್ಲಿ ಅಟ್ಟದ ಹಲಗೆಗಳು. ಆ ಮೇಲಿನರ್ಧ ಖಾಲಿ. ಅಲ್ಲಿ ಏನೂ ಆಗುತ್ತಿಲ್ಲ, ಆದರೆ ಕಾಲ್ಬೆರಳು ಕಂಡಮೇಲೆ ನೋಡುವವನ ಕಣ್ಣು ಅಲ್ಲಿಂದ ಕೆಳಗಿಳಿಯಲ್ಲ. ಖಾಲಿ ಜಾಗ ಬಿಡುವುದು ತುಂಬುವುದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ದೂರ. ಶುರುವಿನಲ್ಲಿ ದೂರವಿರಿ, ಬರಬರುತ್ತಾ ಹತ್ತಿರವಾಗಿ. ಮೊದಲ ನಿಮಿಷದಲ್ಲೇ ಕಣ್ಣಿನ ಕ್ಲೋಸಪ್ ಖರ್ಚು ಮಾಡಿದರೆ ಕೊನೆಗೆ ಕೈಯಲ್ಲಿ ಏನೂ ಉಳಿಯಲ್ಲ. ನಮ್ಮ ದೃಶ್ಯದಲ್ಲಿ ಅಜ್ಜಿಯ ದೊಡ್ಡ ಕ್ಲೋಸಪ್ ಒಂದೇ ಒಂದು: ಕಾಯಿ ಉರುಳಿದ ಸದ್ದು ಕೇಳಿಸುವಾಗ.

ಲೆನ್ಸ್. ಅಜ್ಜಿಯನ್ನು ಫೋನಿನ ಮುಖ್ಯ ಲೆನ್ಸಿನಲ್ಲೇ, ಹತ್ತಿರ ಹೋಗಿ ತೆಗೆಯಿರಿ. ಅವಳ ಜೊತೆ ಕೂತಂತೆ ಅನ್ನಿಸುತ್ತದೆ. ಅಟ್ಟದವನನ್ನು ದೂರ ನಿಂತು, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಇದ್ದರೆ ಅದರಲ್ಲಿ, ಸಂದಿಯ ಮೂಲಕ ತೆಗೆಯಿರಿ. ಕದ್ದು ನೋಡಿದಂತಿರುತ್ತದೆ. ಅಲ್ಟ್ರಾ ವೈಡ್ ಮಾತ್ರ ಮುಟ್ಟಬೇಡಿ. ಚಿಕ್ಕ ಅಡುಗೆಮನೆ ಕಲ್ಯಾಣ ಮಂಟಪದಷ್ಟು ದೊಡ್ಡದಾಗಿ ಕಾಣುತ್ತದೆ. ಇಕ್ಕಟ್ಟು ಹೋದರೆ ಉಸಿರುಗಟ್ಟುವುದೂ ಹೋಯಿತು.

ಚಲನೆ. ಕೈಯಲ್ಲಿ ಹಿಡಿದು ನಡುಗಿಸಿದರೆ ಭಯ ಬರುತ್ತದೆ ಅಂತ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಓಡುವವನ ಹಿಂದೆ ಓಡುವಾಗ ಅದು ಸರಿ. ಕಾಯುವ ದೃಶ್ಯದಲ್ಲಿ ಕ್ಯಾಮೆರಾ ಕಲ್ಲಿನ ಹಾಗೆ ಕೂರಬೇಕು. ಆಗ ಒಂದು ಸಲ ಅಲ್ಲಾಡಿದರೂ ಅದಕ್ಕೆ ಅರ್ಥ ಇರುತ್ತದೆ.

ನಮಗೆ ಬೇಕಾದ ಚಲನೆ ಒಂದೇ. ಅಜ್ಜಿಯ ಮುಖದ ಕಡೆಗೆ, ಎಂಟು ಹತ್ತು ಸೆಕೆಂಡಿನಲ್ಲಿ ಒಂದಡಿ. ಕ್ಯಾಮೆರಾ ಜಾರಿಸುವ ಸ್ಲೈಡರ್ ಬೇಡ. ಹಳೇ ಮನೆಯ ರೆಡ್ ಆಕ್ಸೈಡ್ ನೆಲ ನುಣ್ಣಗಿರುತ್ತದೆ. ಟ್ರೈಪಾಡ್ ಕೆಳಗೆ ದಪ್ಪ ಟವೆಲ್ ಹಾಸಿ, ಟವೆಲ್ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಫೋಕಸ್ ಮುಖಕ್ಕೆ ಲಾಕ್ ಆಗಿರಲಿ. ಐದು ಸಲ ಮಾಡಿದರೆ ಒಂದು ಸರಿಬರುತ್ತದೆ.

ನಟನೆ. ಕ್ಯಾಮೆರಾ ಪಾಠದಲ್ಲಿ ನಟನೆ ಏಕೆ ಅಂದರೆ, ಕ್ಲೋಸಪ್ ಕೆಡುವುದು ಇದರಿಂದಲೇ. ಅಜ್ಜಿ ಪಾತ್ರಕ್ಕೆ ಕೂತವರಿಗೆ "ಭಯಪಡಿ" ಅಂದರೆ ಕಣ್ಣು ಅಗಲಿಸಿ ಬಾಯಿ ತೆರೆಯುತ್ತಾರೆ. ನಾನು ಹೇಳುವುದು ಇಷ್ಟೇ: "ಅಜ್ಜಿ, ಉಪ್ಪು ಹಾಕಿದ್ನಾ ಇಲ್ವಾ ಅಂತ ಯೋಚನೆ ಮಾಡಿ." 1920ರ ಆಸುಪಾಸಿನಲ್ಲಿ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ತೋರಿಸಿಕೊಟ್ಟಿದ್ದು ಇದನ್ನೇ. ನಟನ ಭಾವವಿಲ್ಲದ ಒಂದೇ ಮುಖವನ್ನು ಸೂಪಿನ ಬಟ್ಟಲಿನ ಪಕ್ಕ ಇಟ್ಟರೆ ಹಸಿವು ಅನ್ನಿಸಿತು, ಶವಪೆಟ್ಟಿಗೆಯ ಪಕ್ಕ ಇಟ್ಟರೆ ದುಃಖ ಅನ್ನಿಸಿತು. ಉಪ್ಪಿನ ಬಗ್ಗೆ ಯೋಚಿಸುವ ಮುಖದ ಪಕ್ಕ ಅಟ್ಟದ ಕಾಲ್ಬೆರಳು ಇಡಿ, ಉಳಿದದ್ದನ್ನು ನೋಡುವವನು ತುಂಬಿಕೊಳ್ಳುತ್ತಾನೆ. ನಮಗಂತೂ ಇದು ಎರಡು ಪಟ್ಟು ಲಾಭ. ಅಜ್ಜಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ಮುಖದಲ್ಲಿ ಗೊತ್ತಾಗಬಾರದು.

ಎಚ್ಚರಿಕೆ ಗಂಟೆ: ತೆಗೆದ ಶಾಟ್‌ಗಳನ್ನು ಫೋನಿನಲ್ಲಿ ನೋಡುವಾಗ ಎಲ್ಲವೂ ಒಂದೇ ಅಳತೆಯಲ್ಲಿ, ಸೊಂಟದಿಂದ ಮೇಲೆ ಇದ್ದರೆ ನಿಲ್ಲಿಸಿ. ಜಾಗ ಬಿಡುವ ಮುಂಚೆ ಕೈ, ಕೋಲು, ತಟ್ಟೆ, ಏಣಿಯ ಕಾಲು, ಉದುರುವ ಪುಡಿ ಇವುಗಳ ಕ್ಲೋಸಪ್ ತೆಗೆದುಕೊಳ್ಳಿ. ಒಂದೊಂದೂ ಹದಿನೈದು ಸೆಕೆಂಡ್ ಓಡಲಿ. ಎಡಿಟಿಂಗ್ ಟೇಬಲ್‌ನಲ್ಲಿ ಜೀವ ಉಳಿಸುವುದು ಇವೇ.

## 4. ಬೆಳಕು

ಕತ್ತಲು ತೋರಿಸಬೇಕು ಅಂತ ಲೈಟೆಲ್ಲ ಆರಿಸಿಬಿಡುತ್ತಾರೆ. ಫೋನ್ ಕತ್ತಲಲ್ಲಿ ಕತ್ತಲು ತೋರಿಸಲ್ಲ, ಇರುವೆ ಹರಿದಾಡುವಂಥ ಕಾಳುಕಾಳು ತೋರಿಸುತ್ತದೆ. ಎಕ್ಸ್‌ಪೋಶರ್ ಆಟೋದಲ್ಲಿದ್ದರೆ ಇನ್ನೂ ಕೆಟ್ಟದ್ದು, ತಾನೇ ಬೆಳಕು ಏರಿಸುತ್ತಾ ಇಳಿಸುತ್ತಾ ಇರುತ್ತದೆ.

ಫ್ರೇಮಿನೊಳಗೆ ಬೆಳಕಿನ ಮೂಲ ಒಂದಿರಲಿ. ಒಲೆಯ ಬೆಂಕಿ, ಒಂದು ಹಳದಿ ಬಲ್ಬ್. ಎಕ್ಸ್‌ಪೋಶರನ್ನು ಅಜ್ಜಿಯ ಕೆನ್ನೆಗೆ ಲಾಕ್ ಮಾಡಿ, ಉಳಿದದ್ದು ಕಪ್ಪಾಗಲಿ. ನಾರಿನ ಪುಡಿ ಉದುರುವುದು ಎದುರಿನಿಂದ ಬೆಳಕು ಬಿಟ್ಟರೆ ಕಾಣಲ್ಲ. ಪುಡಿಯ ಹಿಂದೆ, ಒಂದು ಪಕ್ಕಕ್ಕೆ ಟಾರ್ಚ್ ಇಟ್ಟು, ಕ್ಯಾಮೆರಾಗೆ ಟಾರ್ಚ್ ಕಾಣದಂತೆ ಮರೆಮಾಡಿ. ಆಗ ಒಂದೊಂದು ಕಣವೂ ಮಿನುಗುತ್ತದೆ.

## 5. ಜಾಗದಲ್ಲೇ ಸೌಂಡ್ ಸಂಗ್ರಹಿಸಿ

ಶೂಟಿಂಗ್ ಮುಗಿದ ತಕ್ಷಣ ಪ್ಯಾಕ್ ಮಾಡಿ ಹೊರಡುವವರೇ ಜಾಸ್ತಿ. ಒಂದು ಗಂಟೆ ಸೌಂಡಿಗೆಂದೇ ಎತ್ತಿಡಿ.

ಮೊದಲು ಮನೆ ಸುಮ್ಮನಾಗಿಸಿ. ಫ್ಯಾನ್, ಫ್ರಿಜ್, ರೆಕಾರ್ಡ್ ಮಾಡುವುದೊಂದು ಬಿಟ್ಟು ಎಲ್ಲರ ಫೋನ್ ಆಫ್. ಫ್ರಿಜ್ ಆರಿಸಿದ ಮೇಲೆ ಬೈಕಿನ ಕೀಲಿಯನ್ನು ಅದರೊಳಗೆ ಇಡಿ. ಮತ್ತೆ ಆನ್ ಮಾಡದೆ ಮನೆಗೆ ಹೋಗಲು ಆಗಲ್ಲ. ಕರೆಂಟಿನ ಹೊತ್ತು ಮೊದಲೇ ಕೇಳಿಕೊಳ್ಳಿ. ಒಂದ್ಸಲ ಒಳ್ಳೆಯ ಟೇಕ್ ನಡೀತಿದ್ದಾಗ ತ್ರೀ ಫೇಸ್ ಬಂತು. ಸುತ್ತಲ ತೋಟದ ಬೋರ್‌ವೆಲ್ ಮೋಟಾರೆಲ್ಲ ಆಟೋ ಸ್ಟಾರ್ಟರಿನಲ್ಲಿ ಒಟ್ಟಿಗೆ ಗುಂಯ್ ಅಂದವು. ಆ ರಾತ್ರಿ ಮತ್ತೆ ನಿಶ್ಶಬ್ದ ಸಿಗಲೇ ಇಲ್ಲ.

ಎಲ್ಲರೂ ಉಸಿರು ಬಿಗಿಹಿಡಿದು ನಿಂತು ಒಂದು ನಿಮಿಷ ಬರೀ ಆ ಕೋಣೆಯ ಮೌನವನ್ನು ರೆಕಾರ್ಡ್ ಮಾಡಿ. ಇದಕ್ಕೆ ರೂಮ್ ಟೋನ್ ಅನ್ನುತ್ತಾರೆ. ಎಲ್ಲಾ ಕೋಣೆಯ ಮೌನ ಒಂದೇ ಅಲ್ಲ. ಎಡಿಟಿಂಗ್‌ನಲ್ಲಿ ಎರಡು ಶಾಟ್ ನಡುವೆ ಸೌಂಡ್ ಕಡಿದುಹೋದಾಗ ಈ ಮೌನವನ್ನೇ ತುಂಬಬೇಕು. ಇಲ್ಲದಿದ್ದರೆ ಸ್ಪೀಕರ್ ಕೆಟ್ಟಿತೇನೋ ಅನ್ನಿಸುತ್ತದೆ.

ಆಮೇಲೆ ಒಂದೊಂದೇ ಸದ್ದು, ಮೈಕ್ ಹತ್ತಿರ ಹಿಡಿದು:

- ಹಿಟ್ಟು ತೊಳಸುವ ಕೋಲು ಪಾತ್ರೆಗೆ ಬಡಿಯುವುದು: ನಿಧಾನ, ಜೋರು, ಒಮ್ಮೆಲೇ ನಿಲ್ಲಿಸುವುದು
- ಸಿಪ್ಪೆ ಕಾಯಿ ಹಲಗೆಯ ಮೇಲೆ ಉರುಳುವುದು, ನಿಲ್ಲುವುದು, ಇನ್ನೊಂದಕ್ಕೆ ತಗಲುವುದು
- ಒಣಕಾಯಿಯನ್ನು ಕಿವಿಯ ಹತ್ತಿರ ಹಿಡಿದಂತೆ ಹಿಡಿದು ಅಲ್ಲಾಡಿಸಿದಾಗಿನ ಲೊಟಲೊಟ
- ಹಲಗೆ ಭಾರಕ್ಕೆ ಕಿರ್ರ್ ಅನ್ನುವುದು, ಉಸಿರು, ಏಣಿ ನೆಲದ ಮೇಲೆ ಎಳೆಯುವುದು

ಒಂದೊಂದನ್ನೂ ಐದಾರು ಸಲ. ವೇವ್ ಫೈಲ್, 48 ಕಿಲೋಹರ್ಟ್ಸ್. ಮೀಟರಿನಲ್ಲಿ ಜೋರಾದ ಸದ್ದು ಮೈನಸ್ 12 ಡೆಸಿಬೆಲ್ ಸುತ್ತಮುತ್ತ ನಿಲ್ಲಲಿ. ಸೊನ್ನೆ ಮುಟ್ಟಿ ಒಡೆದ ಸೌಂಡನ್ನು ಸರಿಮಾಡೋದು ಹೆಚ್ಚುಕಮ್ಮಿ ಆಗದ ಮಾತು.

ನಿಜವಾದ ಸದ್ದೇ ಬೇಕು ಅಂತೇನೂ ಇಲ್ಲ. ಕಂಪನಿ ನಾಟಕದವರು ತಗಡು ಅಲ್ಲಾಡಿಸಿ ಗುಡುಗು ತರಿಸುತ್ತಿದ್ದರು. ಗುಬ್ಬಿ ಪಕ್ಕದಲ್ಲೇ ಇರುವ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಾ? ಹಲಗೆ ಕಿರ್ರ್ ಅನ್ನದಿದ್ದರೆ ಹಳೇ ಬಾಗಿಲಿನ ತಿರುಗಣಿ ಸಾಕು.

ಸುರಕ್ಷತೆ: ಅಟ್ಟ ಹತ್ತುವ ಮುಂಚೆ ಮನೆಯವರನ್ನು ಕೇಳಿ ಹಲಗೆಯ ಗಟ್ಟಿತನ ನೋಡಿ. ಕಾಯಿಯ ಭಾರವೇ ಸಾಕಷ್ಟಿರುತ್ತದೆ, ಮೇಲೆ ನಾಲ್ಕು ಜನ ಹತ್ತಿದರೆ ಕಷ್ಟ. ಚೇಳು, ಹಾವು ಇರಬಹುದು, ಟಾರ್ಚ್ ಬಿಟ್ಟು ನೋಡಿ. ಅಕ್ಕಪಕ್ಕದವರಿಗೂ ತಪ್ಪದೆ ತಿಳಿಸಿ. ನಾವು ಒಂದು ರಾತ್ರಿ ತಿಳಿಸಿರಲಿಲ್ಲ. ನಮ್ಮ "ಕಳ್ಳ" ಮಾಡು ಹತ್ತಿದ ಹತ್ತು ನಿಮಿಷಕ್ಕೆ ನಾಲ್ಕು ಜನ ದೊಣ್ಣೆ ಹಿಡಿದು ಬಂದರು. ಅವರ ಮುಖದಲ್ಲಿ ಇದ್ದ ಟೆನ್ಶನ್ ನಮ್ಮ ಚಿತ್ರದಲ್ಲಿ ಇರಲಿಲ್ಲ ಅನ್ನೋದು ಬೇರೆ ಮಾತು. ಮಧುಗಿರಿ ಕೋಟೆ, ದೇವರಾಯನದುರ್ಗದ ಕಾಡು ಅಂತ ಹೊರಗೆ ಹೋಗುವುದಾದರೆ ಪುರಾತತ್ವ ಇಲಾಖೆ, ಅರಣ್ಯ ಇಲಾಖೆಯ ಅನುಮತಿ ಮೊದಲು. ಅಲ್ಲಿನ ಗಾಳಿಗೆ ಮೈಕಿಗೆ ತುಪ್ಪಳದ ಟೋಪಿ ಬೇಕೇ ಬೇಕು.

## 6. ಎಡಿಟಿಂಗ್: ಸೌಂಡ್ ಮುಚ್ಚಿ ಶುರುಮಾಡಿ

ಮೊದಲ ಜೋಡಣೆಯನ್ನು ಸ್ಪೀಕರ್ ಆಫ್ ಮಾಡಿ ನೋಡಿ. ಮಾತು, ಸಂಗೀತ ಯಾವುದೂ ಇಲ್ಲದೆ ಯಾರಿಗೆ ಏನು ಗೊತ್ತು ಅನ್ನೋದು ತಿಳಿಯುತ್ತಿದೆಯಾ? ಇಲ್ಲ ಅಂದರೆ ಶಾಟ್‌ಗಳ ಸರದಿ ಬದಲಿಸಿ.

ಈಗ ನಮ್ಮ ದೃಶ್ಯದ ಹೃದಯಕ್ಕೆ ಬರೋಣ. ಒಂದು ನಿಯಮ ಕಟ್ಟಿಕೊಂಡಿದ್ದೇವೆ: ಅಜ್ಜಿಯ ಕೋಲು ದಬದಬ ಅನ್ನುವಾಗ ಮಾತ್ರ ಅಟ್ಟದವನು ಸರಿಯುತ್ತಾನೆ. ಕೋಲು ನಿಂತರೆ ಅವನೂ ನಿಲ್ಲುತ್ತಾನೆ. ನೋಡುವವನಿಗೆ ಈ ನಿಯಮ ಬಾಯಲ್ಲಿ ಹೇಳುವ ಹಾಗಿಲ್ಲ. ಎರಡು ಸಲ ತೋರಿಸಬೇಕು, ಮೂರನೇ ಸಲ ಮುರಿಯಬೇಕು.

ನಾನು ಜೋಡಿಸುವುದು ಹೀಗೆ:

1. ಅಜ್ಜಿ, ಮೇಲೆ ಅಟ್ಟ ಎರಡೂ ಕಾಣುವ ವೈಡ್ ಶಾಟ್. ತೊಳಸುತ್ತಿದ್ದಾಳೆ. 12 ಸೆಕೆಂಡ್.
2. ಸಂದಿಯಲ್ಲಿ ಕಾಲು ಸರಿಯುತ್ತದೆ. 3 ಸೆಕೆಂಡ್.
3. ಕೋಲು ನಿಲ್ಲುತ್ತದೆ. ಅಜ್ಜಿ ಸೌದೆ ಒಳಗೆ ತಳ್ಳುತ್ತಾಳೆ. 5 ಸೆಕೆಂಡ್.
4. ಕಾಲು ಅಲುಗದೆ ನಿಂತಿದೆ. 4 ಸೆಕೆಂಡ್.
5. ಮತ್ತೆ ಕೋಲು. ಮತ್ತೆ ಕಾಲು. ಈ ಸಲ ಎರಡೂ ಚಿಕ್ಕವು, 2 ಸೆಕೆಂಡ್ ಒಂದೊಂದು.
6. ನಿಲ್ಲುತ್ತದೆ. ನಿಲ್ಲುತ್ತಾನೆ. ದೂರದಲ್ಲಿ ಬಸ್ಸಿನ ಹಾರನ್.
7. ಕೋಲು ಜೋರಾಗುತ್ತದೆ. ಕಾಲು ಅವಸರದಲ್ಲಿ ಸರಿಯುತ್ತದೆ. ಕಾಯಿಯೊಂದು ಅಂಚಿಗೆ ಬಂದು ವಾಲುತ್ತದೆ. ಒಂದೂವರೆ ಸೆಕೆಂಡಿನ ಮೂರು ಕಟ್.
8. ಕೋಲು ತಟ್ಟನೆ ನಿಲ್ಲುತ್ತದೆ. ಅಜ್ಜಿಯ ಮುಖದ ಕ್ಲೋಸಪ್. ಮೇಲೆ ಕಾಯಿ ಉರುಳುವ ಸದ್ದು, ಕಾಯಿ ತೋರಿಸುವುದಿಲ್ಲ. 11 ಸೆಕೆಂಡ್.

ಆ ಕೊನೆಯ 11 ಸೆಕೆಂಡ್ ಕತ್ತರಿಸಲು ಕೈ ತುರಿಸುತ್ತದೆ. ತಡೆಯಿರಿ. ಕಟ್ ಅಂದರೆ ನೋಡುವವನಿಗೆ ಉಸಿರು ಬಿಡಲು ಕೊಡುವ ಅವಕಾಶ. ಕಟ್ ಮಾಡದಿದ್ದರೆ ಆ ಅವಕಾಶ ಸಿಗಲ್ಲ. ಜೋರು ಕಟ್‌ಗಳು ಬಂದ ಮೇಲೆ ಬರುವ ಒಂದು ಉದ್ದ ಶಾಟ್ ಕುತ್ತಿಗೆ ಹಿಡಿದಂತೆ ಇರುತ್ತದೆ. ಎಲ್ಲಾ ಶಾಟೂ ಚಿಕ್ಕದಾದರೆ ಅದು ಟೀಸರ್, ಎಲ್ಲಾ ಉದ್ದವಾದರೆ ಮದುವೆ ವಿಡಿಯೋ.

ಕಟ್ ಮಾಡುವಾಗ ಸೌಂಡ್ ಚಿತ್ರ ಎರಡನ್ನೂ ಒಂದೇ ಜಾಗದಲ್ಲಿ ಕತ್ತರಿಸಬೇಡಿ. ಮುಂದಿನ ಶಾಟಿನ ಸದ್ದು ಅರ್ಧ ಸೆಕೆಂಡ್ ಮೊದಲೇ ಒಳಗೆ ಬರಲಿ. ಇದನ್ನೇ ಜೆ ಕಟ್ ಅನ್ನುವುದು. ನಾವು ಇನ್ನೂ ಪಾತ್ರೆ ನೋಡುತ್ತಿದ್ದೇವೆ, ಹಲಗೆ ಕಿರ್ರ್ ಅಂದಿತು. ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾದರೆ ಕಣ್ಣು ಹುಡುಕಲು ಶುರುಮಾಡುತ್ತದೆ.

ಎಚ್ಚರಿಕೆ ಗಂಟೆ: ಒಂದು ಶಾಟ್ "ಚೆನ್ನಾಗಿ ಬಂದಿದೆ" ಅಂತ ಮಾತ್ರ ಟೈಮ್‌ಲೈನ್‌ನಲ್ಲಿ ಉಳಿದಿದ್ದರೆ ತೆಗೆದುಬಿಡಿ. ಡ್ರೋನ್‌ನಲ್ಲಿ ತೆಗೆದ ತೆಂಗಿನ ತೋಟದ ಶಾಟ್ ಮುಕ್ಕಾಲು ಪಾಲು ಇದೇ ಜಾತಿ.

## 7. ಸೌಂಡ್ ಪದರ ಕಟ್ಟಿ, ಆಮೇಲೆ ತೆಗೆಯಿರಿ

ಚಿತ್ರ ಲಾಕ್ ಆದಮೇಲೆ, ಅಂದರೆ ಇನ್ನು ಕಟ್ ಬದಲಿಸಲ್ಲ ಅಂತಾದಮೇಲೆ ಇದು. ಮೊದಲ ಪದರ ರೂಮ್ ಟೋನ್, ದೃಶ್ಯದ ಉದ್ದಕ್ಕೂ. ಎರಡನೆಯದು ಹೊರಗಿನ ಲೋಕ: ಜೀರುಂಡೆ, ದೂರದ ನಾಯಿ. ಮೂರನೆಯದು ಅಜ್ಜಿಯ ಸದ್ದುಗಳು. ನಾಲ್ಕನೆಯದು ಅಟ್ಟದ ಸದ್ದುಗಳು. ಒಂದೊಂದೂ ಬೇರೆ ಟ್ರ್ಯಾಕಿನಲ್ಲಿರಲಿ, ಏಕೆಂದರೆ ಮುಂದಿನ ಕೆಲಸ ತೆಗೆಯುವುದು.

ಎಂಟನೇ ಶಾಟಿಗೆ ಬರುವಾಗ ಜೀರುಂಡೆಯನ್ನು ಮೂರು ನಾಲ್ಕು ಸೆಕೆಂಡಿನಲ್ಲಿ ಮೆಲ್ಲಗೆ ಇಳಿಸಿ. ಯಾರಿಗೂ ಗೊತ್ತಾಗಲ್ಲ, ಆದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಕೋಲು ನಿಂತಾಗ ಉಳಿಯುವುದು ರೂಮ್ ಟೋನ್ ಒಂದೇ. ಆ ಮೌನದಲ್ಲಿ ಮೊದಲು ಸಿಪ್ಪೆ ಕಾಯಿಯ ದಬ್, ಆಮೇಲೆ ಉರುಳು, ಕೊನೆಗೆ ಒಳಗಿನ ಉಂಡೆಯ ಒಂದೇ ಒಂದು ಲೊಟ. ಆ ಲೊಟವನ್ನು ನಿಜಕ್ಕಿಂತ ಚೂರು ಜೋರಾಗಿಡಿ. ತೋಟದ ಮನೆಯಲ್ಲಿ ಬೆಳೆದವರ ಬೆನ್ನು ನೆಟ್ಟಗಾಗುತ್ತದೆ.

ಪೂರ್ತಿ ಸೊನ್ನೆ ಮಾಡಬೇಡಿ. ಸೊನ್ನೆ ಅಂದರೆ ಮೌನ ಅಲ್ಲ, ಫೈಲ್ ಕೆಟ್ಟಂತೆ.

ಸಂಗೀತ ಎಲ್ಲಾ ಮುಗಿದ ಮೇಲೆ. ಅದೂ ಬೇಕೇ ಅಂತ ಒಮ್ಮೆ ಕೇಳಿಕೊಂಡು. ನಿರ್ದೇಶಕ ಹಿಚ್‌ಕಾಕ್ 1963ರಲ್ಲಿ ಮಾಡಿದ 'ದಿ ಬರ್ಡ್ಸ್' ಚಿತ್ರಕ್ಕೆ ಮಾಮೂಲಿ ಹಿನ್ನೆಲೆ ಸಂಗೀತವೇ ಇಲ್ಲ. ಹಕ್ಕಿಗಳ ಸದ್ದೇ ಆ ಕೆಲಸ ಮಾಡುತ್ತದೆ. ನಮ್ಮ ದೃಶ್ಯದಲ್ಲೂ ಕೋಲಿನ ದಬದಬವೇ ತಾಳ. ಅದರ ಮೇಲೆ ತಬಲ ಬಾರಿಸಿದರೆ ಎರಡೂ ಕೆಡುತ್ತವೆ.

ಹಾಕಲೇಬೇಕು ಅನ್ನಿಸಿದರೆ ಒಂದೇ ಸ್ವರದ ಎಳೆ ಸಾಕು. ಬಸ್ಸಿನ ಹಾರನ್ ಅಡಿಯಲ್ಲಿ ಶುರುವಾಗಿ, ಕೋಲು ನಿಲ್ಲುವ ಜಾಗದಲ್ಲಿ ಅದೂ ನಿಲ್ಲಲಿ. ಎಷ್ಟೋ ಜನ ಭಯ ಬರುವ ಜಾಗದಲ್ಲಿ ಸಂಗೀತ ಶುರುಮಾಡುತ್ತಾರೆ. ಅಲ್ಲಿ ನಿಲ್ಲಿಸಿ ನೋಡಿ.

ಇಂಟರ್ನೆಟ್ಟಿನಿಂದ ಇಳಿಸಿದ 40-50 ಹರ್ಟ್ಸಿನ ಗುಂಯ್ ಸದ್ದು ಹೆಡ್‌ಫೋನಿನಲ್ಲಿ ಭಾರಿಯಾಗಿರುತ್ತದೆ, ಮೊಬೈಲ್ ಸ್ಪೀಕರಿನಲ್ಲಿ ಕೇಳುವುದೇ ಇಲ್ಲ. ನಿಮ್ಮ ಚಿತ್ರ ನೋಡುವವರು ಹೆಚ್ಚಿನವರು ಮೊಬೈಲಿನಲ್ಲೇ ಅಲ್ವಾ? ಟೆನ್ಶನ್ ಪೂರ್ತಿ ಆ ಗುಂಯ್ ಮೇಲೆ ನಿಂತಿದ್ದರೆ ಅವರ ಪಾಲಿಗೆ ಚಿತ್ರದಲ್ಲಿ ಏನೂ ಇಲ್ಲ.

## 8. ಪರೀಕ್ಷೆ

ಮೂರು ಸಲ ನೋಡಿ. ಒಮ್ಮೆ ಸೌಂಡ್ ಇಲ್ಲದೆ. ಒಮ್ಮೆ ಕಣ್ಣು ಮುಚ್ಚಿ ಸೌಂಡ್ ಮಾತ್ರ. ಒಮ್ಮೆ ಹಗಲು ಹೊತ್ತು, ಫೋನಿನಲ್ಲಿ, ಫ್ಯಾನ್ ಓಡುತ್ತಿರುವಾಗ. ಮೂರರಲ್ಲಿ ಎಲ್ಲಿ ಎಳೆ ಕಡಿಯಿತೋ ಬರೆದುಕೊಳ್ಳಿ.

ಆಮೇಲೆ ಶೂಟಿಂಗ್‌ಗೆ ಬಂದಿರದ ಮೂವರನ್ನು ಕೂರಿಸಿ. ನೀವು ಪರದೆ ನೋಡಬೇಡಿ, ಅವರನ್ನು ನೋಡಿ. "ಹೇಗಿತ್ತು?" ಅಂತ ಕೇಳಲೂಬೇಡಿ, "ಸೂಪರ್" ಅಂತಲೇ ಅನ್ನುತ್ತಾರೆ. ಕೇಳಬೇಕಾದ್ದು: "ಅಟ್ಟದ ಮೇಲೆ ಯಾರೋ ಇದ್ದಾರೆ ಅಂತ ಯಾವಾಗ ಗೊತ್ತಾಯ್ತು? ಏಣಿ ಎಲ್ಲಿತ್ತು?" ಏಣಿ ಎಲ್ಲಿತ್ತು ಅಂತ ಹೇಳಲು ಆಗದಿದ್ದರೆ ಎರಡನೇ ಹಂತಕ್ಕೆ ವಾಪಸ್. ಕೊನೆಯಲ್ಲಿ ಏಣಿ ತೆಗೆದಾಗ ಪೆಚ್ಚಾಗಿ ನೋಡಿದರೂ ಅದೇ ರೋಗ.

ಬೇಡದ ಜಾಗದಲ್ಲಿ ನಗು ಬಂದರೆ ಬೇಜಾರಾಗಬೇಡಿ, ಟೈಮ್ ಬರೆದುಕೊಳ್ಳಿ. ಆ ನಗುವಿಗೆ ಹಿಂದಿನ ಶಾಟಿನಲ್ಲಿ ಕಾರಣ ಹುಡುಕಿ. ಒಂದೋ ಅಲ್ಲಿ ಮುಖ ಅತಿಯಾಗಿದೆ, ಇಲ್ಲಾ ವಿಷಯ ಮುಗಿದಮೇಲೂ ಶಾಟ್ ಓಡುತ್ತಿದೆ. ಅರ್ಧ ಸೆಕೆಂಡ್ ಕಿತ್ತರೆ ಎಷ್ಟೋ ಸಲ ನಗು ನಿಂತಿದೆ. ಯಾರಾದರೂ ಜೇಬಿನ ಫೋನ್ ಮುಟ್ಟಿದರೆ ಅದಕ್ಕೂ ಮುಂಚಿನ ಇಪ್ಪತ್ತು ಸೆಕೆಂಡಿನಲ್ಲಿ ಹೊಸ ವಿಷಯ ಏನೂ ಬಂದಿಲ್ಲ.

ನಾನು ಅವರಿಗೆ ಟೀ ಕೊಟ್ಟೇ ಕೂರಿಸುವುದು. ಕೋಲು ನಿಂತ ಆ 11 ಸೆಕೆಂಡಿನಲ್ಲಿ ಲೋಟ ಬಾಯಿಗೂ ತೊಡೆಗೂ ನಡುವೆ ಎಲ್ಲೋ ನಿಂತುಬಿಟ್ಟಿದ್ದರೆ ಆ ಶಾಟನ್ನು ಇನ್ನು ಮುಟ್ಟಬೇಡಿ. ಸುರುಕ್ ಅಂತ ಕುಡಿದ ಸದ್ದು ಬಂದರೆ ಮತ್ತೆ ಟೇಬಲ್‌ಗೆ ಹೋಗಿ, ಏಳನೇ ಶಾಟಿನಿಂದ ಶುರುಮಾಡಿ.